ಲಿಂಕನ್ ಊರಿನ ಉಪಾಧ್ಯಾಯ

ಕಳೆದ ವರ್ಷ ಮಳೆಗಾಲದ ಒಂದು ಶನಿವಾರ ನನ್ನ ಹತ್ತನೆಯ ತರಗತಿಯ ನಾಲ್ವರು ಮಕ್ಕಳು ನನ್ನನ್ನು ಶಾಲೆಯ ಪ್ರಯೋಗಾಲಯಕ್ಕೆ ಕರೆದೊಯ್ದು ತಾವು ಕಟ್ಟಿದ ಯಂತ್ರವೊಂದನ್ನು ತೋರಿಸಿದರು. ಯಂತ್ರವೆಂದರೆ ದೊಡ್ಡ ಮಾತಾದೀತು. ಅಂಗೈಗಿಂತ ತುಸು ಉದ್ದವಾದ, ಮೈತುಂಬ ತೂತುಗಳಿರುವ ಒಂದು ಬಿಳಿಯ ಬ್ರೆಡ್‌ಬೋರ್ಡು. ಅದರ ಮೇಲೆ ಜೀರುಂಡೆಗಳಂತೆ ಕಾಲೂರಿ ಕುಳಿತ ಮೂರು ಕರಿಯ ಐಸಿಗಳು. ಎರಡು ಪುಟ್ಟ ಸ್ವಿಚ್ಚುಗಳು. ತುದಿಯಲ್ಲಿ, ಲಿಫ್ಟಿನೊಳಗೆ ಮಹಡಿಯ ಸಂಖ್ಯೆಯನ್ನು ತೋರಿಸುವಂಥ, ಏಳು ಗೆರೆಗಳಿಂದ ಯಾವ ಅಂಕಿಯನ್ನಾದರೂ ಬರೆಯಬಲ್ಲ ಒಂದು ಕೆಂಪು ಡಿಸ್‌ಪ್ಲೇ. ಎರಡು ಅಂಕಿಗಳನ್ನು ಕೂಡಿ ಮೊತ್ತವನ್ನು ತೋರಿಸುವುದು ಅದರ ಕೆಲಸ. ಅಂಕಿಗಳೆಂದರೆ ಸೊನ್ನೆ ಇಲ್ಲವೆ ಒಂದು, ಅಷ್ಟೆ. ಸ್ವಿಚ್ಚು ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ.

ಇದರ ಒಳಗುಟ್ಟು ಸರಳವಾದುದು. ಮೊದಲನೆಯ ಐಸಿ ಎರಡು ಸ್ವಿಚ್ಚುಗಳಲ್ಲಿ ಒಂದು, ಒಂದೇ ಒಂದು, ಮೇಲಿದ್ದಾಗ ಮಾತ್ರ ಹೌದೆನ್ನುತ್ತದೆ. ಎರಡನೆಯದು ಎರಡೂ ಮೇಲಿದ್ದಾಗ ಮಾತ್ರ ಹೌದೆನ್ನುತ್ತದೆ. ಮೊದಲನೆಯದರ ಉತ್ತರ ಬಿಡಿಯ ಸ್ಥಾನಕ್ಕೆ ಸಲ್ಲುತ್ತದೆ, ಎರಡನೆಯದರ ಉತ್ತರ ಎರಡರ ಸ್ಥಾನಕ್ಕೆ. ನಾವು ಹತ್ತಾದಾಗ ದಶಕವನ್ನು ಪಕ್ಕದ ಮನೆಗೆ ಒಯ್ಯುವಂತೆ ಈ ಲೆಕ್ಕದಲ್ಲಿ ಎರಡಾದೊಡನೆಯೆ ಒಂದನ್ನು ಒಯ್ಯಬೇಕು. ಮೂರನೆಯ ಐಸಿ ಈ ಉತ್ತರಗಳನ್ನು ಓದಿ, ಏಳು ಗೆರೆಗಳಲ್ಲಿ ಯಾವುವು ಬೆಳಗಬೇಕೆಂಬುದನ್ನು ಗೊತ್ತುಮಾಡುತ್ತದೆ.

ಇಷ್ಟೆಲ್ಲ ಸರಿ. ಆದರೆ ಅಂದು ಯಂತ್ರ ಲೆಕ್ಕ ತಪ್ಪಿತ್ತು. ಎರಡು ಸ್ವಿಚ್ಚುಗಳೂ ಕೆಳಗಿದ್ದಾಗ ಸೊನ್ನೆ ಕಾಣಬೇಕಾಗಿದ್ದ ಕಡೆ ಮೇಲರ್ಧದಲ್ಲಿ ಪುಟ್ಟ ಬಟ್ಟಲಿನಂಥ ಒಂದು ಆಕೃತಿ ಬೆಳಗಿತು. ಎರಡನ್ನೂ ಮೇಲೆತ್ತಿದರೆ ಎರಡು ಬರಬೇಕಷ್ಟೆ? ಇಂಗ್ಲಿಷಿನ ಸಣ್ಣ ‘ಟಿ’ ಅಕ್ಷರದಂಥದೇನೋ ಬಂತು. ಮಕ್ಕಳು ತಂತಿಗಳನ್ನು ನಕ್ಷೆಯೊಡನೆ ಮೂರು ಸಲ ಹೋಲಿಸಿ ನೋಡಿದರು. ಹಾಕಿದ ತಂತಿಗಳೆಲ್ಲ ಹಾಕಬೇಕಾದಲ್ಲಿಯೆ ಇದ್ದುವು. ನಾನು ಗಣಿತದವನೇ ಹೊರತು ವಿದ್ಯುತ್ತಿನವನಲ್ಲ, ನನಗೂ ಹೊಳೆಯಲಿಲ್ಲ. ಸೋಮವಾರ ನೋಡೋಣವೆಂದು ಮನೆಗೆ ಬಂದೆ. ಆ ಎರಡು ಐಸಿಗಳ ಹೌದು ಅಲ್ಲಗಳ ಗಣಿತವನ್ನು ಮೊದಲು ಬರೆದವನ ನೆನಪಾಗಿ, ಆ ರಾತ್ರಿ ಅವನ ಪುಸ್ತಕವನ್ನು ಮತ್ತೆ ತೆರೆದೆ. ವಿದ್ಯಾರ್ಥಿಗಳು ಅವನ ಹೆಸರನ್ನು ಬೂಲಿಯನ್ ಎಂಬ ವಿಶೇಷಣದಲ್ಲಿ ದಿನವೂ ಉಚ್ಚರಿಸುತ್ತಾರೆ. ಆ ಹೆಸರಿನ ಹಿಂದೆ ಬಡ ಶಾಲಾ ಉಪಾಧ್ಯಾಯನೊಬ್ಬನ ಬದುಕಿದೆಯೆಂಬುದನ್ನು ಬಲ್ಲವರು ಕಡಮೆ.

ಜಾರ್ಜ್ ಬೂಲ್ ಹುಟ್ಟಿದುದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ. ತಂದೆ ಜಾನ್ ಬೂಲ್ ಪಾದರಕ್ಷೆ ಹೊಲಿಯುವ ಕಸುಬಿನವನು. ತಾಯಿ ಮದುವೆಗೆ ಮುಂಚೆ ಸಿರಿವಂತರ ಮನೆಯಲ್ಲಿ ಪರಿಚಾರಿಕೆಯಾಗಿದ್ದವಳು. ಜಾನನಿಗೆ ತನ್ನ ಕಸುಬಿನಲ್ಲಿ ಕೈ ಮಾತ್ರ ಇತ್ತು. ಮನಸ್ಸು ಇದ್ದುದು ಗಣಿತದಲ್ಲಿ, ಮಸೂರಗಳನ್ನು ಉಜ್ಜಿ ದೂರದರ್ಶಕಗಳನ್ನು ಮಾಡುವುದರಲ್ಲಿ. ದೇವರ ಸೃಷ್ಟಿಯನ್ನು ಭಕ್ತಿಯಿಂದ ನೋಡಬಯಸುವವರು ಒಳಗೆ ಬಂದು ತನ್ನ ದೂರದರ್ಶಕದಲ್ಲಿ ನೋಡಬಹುದೆಂದು ಅವನು ಅಂಗಡಿಯ ಕಿಟಕಿಯಲ್ಲಿ ಚೀಟಿ ಹಚ್ಚಿದ್ದನಂತೆ. ಹೀಗೆ ನಕ್ಷತ್ರ ನೋಡುವವನ ಅಂಗಡಿಗೆ ಜೋಡು ಹೊಲಿಸುವವರು ಎಷ್ಟು ಮಂದಿ ಬಂದಾರು? ವ್ಯಾಪಾರ ಇಳಿಯುತ್ತ ಹೋಯಿತು. ಮಗನಿಗೆ ಗಣಿತದ ರುಚಿ ಹತ್ತಿಸಿದವನು ಈ ತಂದೆಯೆ. ಮನೆಯ ಭಾರವನ್ನು ಅವನ ಎಳೆಯ ಹೆಗಲಿಗೆ ಏರಿಸಿದವನೂ ಈ ತಂದೆಯೆ.

ಊರಿನ ಪುಸ್ತಕ ವ್ಯಾಪಾರಿಯೊಬ್ಬ ಹುಡುಗನಿಗೆ ಲ್ಯಾಟಿನ್ ಹೇಳಿಕೊಟ್ಟ. ಗ್ರೀಕನ್ನು ಅವನು ತಾನಾಗಿಯೆ ಕಲಿತ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಮಾಡಿದ ಗ್ರೀಕ್ ಕವಿತೆಯೊಂದರ ಅನುವಾದ ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಉಪಾಧ್ಯಾಯನೊಬ್ಬ, ಅಷ್ಟು ಎಳೆಯನಿಂದ ಇದು ಸಾಧ್ಯವೇ ಇಲ್ಲವೆಂದು ಪತ್ರಿಕೆಗೆ ಬರೆದ. ಬಡವನ ಮಗನ ಜಾಣತನಕ್ಕೆ ಲೋಕ ಮೊದಲು ಕೇಳುವುದು ಸಾಕ್ಷಿಯನ್ನೇ.

ಹದಿನಾರು ತುಂಬುವಷ್ಟರಲ್ಲಿ ತಂದೆಯ ಅಂಗಡಿ ಮುಗಿದಂತಾಗಿತ್ತು. ತಂದೆತಾಯಿಯರಿಗೆ, ಒಬ್ಬ ತಂಗಿಗೆ, ಇಬ್ಬರು ತಮ್ಮಂದಿರಿಗೆ ಅವನೇ ದಿಕ್ಕು. 1831ರಲ್ಲಿ ಡಾಂಕಾಸ್ಟರಿನ ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯನಾಗಿ ಸೇರಿದ. ಸಂಬಳ ಕಡಮೆ, ಪುಸ್ತಕಕ್ಕೆ ಉಳಿಯುತ್ತಿದ್ದುದು ಇನ್ನೂ ಕಡಮೆ. ಆದಕಾರಣ ಅವನು ಲೆಕ್ಕ ಹಾಕಿ ಗಣಿತದ ಪುಸ್ತಕಗಳನ್ನೇ ಕೊಳ್ಳತೊಡಗಿದನೆಂದು ಹೇಳುತ್ತಾರೆ: ಕಾವ್ಯವನ್ನು ಒಂದು ವಾರದಲ್ಲಿ ಓದಿ ಮುಗಿಸಬಹುದು, ಗಣಿತದ ಪುಸ್ತಕವನ್ನು ಮುಗಿಸಲು ತಿಂಗಳುಗಳೇ ಬೇಕು, ಕೊಟ್ಟ ಹಣಕ್ಕೆ ಹೆಚ್ಚು ದಿನ ಬಾಳುವುದು ಅದೇ. ಫ್ರಾನ್ಸಿನ ಲಕ್ರುವಾನ ಕಲನಶಾಸ್ತ್ರವನ್ನು ಹೀಗೆಯೆ ಅವನು ಗುರುವಿಲ್ಲದೆ ಅರಗಿಸಿಕೊಂಡ. ಭಾನುವಾರವೂ ಗಣಿತ ಮಾಡುತ್ತಾನೆಂದು ಮಕ್ಕಳ ಹೆತ್ತವರು ದೂರಿದರಂತೆ. ಆ ಕೆಲಸ ಹೆಚ್ಚು ಕಾಲ ಉಳಿಯಲಿಲ್ಲ.

ಆದರೆ ಡಾಂಕಾಸ್ಟರಿನಲ್ಲಿಯೆ ಅವನಿಗೆ ಒಂದು ವಿಷಯ ಸಿಕ್ಕಿತು. 1833ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಹೊಲವೊಂದನ್ನು ಹಾದು ನಡೆಯುತ್ತಿದ್ದಾಗ ಅವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಮನುಷ್ಯ ಆಲೋಚಿಸುವ ಕ್ರಮಕ್ಕೂ ನಿಯಮಗಳಿವೆ, ಆ ನಿಯಮಗಳನ್ನು ಬೀಜಗಣಿತದ ಸಂಕೇತಗಳಲ್ಲಿ ಬರೆಯಬಹುದು. ಮುಂದೆ ಅವನ ಹೆಂಡತಿ ಈ ಸಂಗತಿಯನ್ನು ಬರೆದಿಟ್ಟಿದ್ದಾಳೆ. ಅವನಿಗೆ ಅದು ಗಣಿತದ ಯುಕ್ತಿಯಾಗಿ ಅಲ್ಲ, ದೈವದ ಅನುಗ್ರಹವಾಗಿ ತೋರಿತ್ತು. ಆ ಹೊಳಹನ್ನು ಅವನು ಹದಿನಾಲ್ಕು ವರ್ಷ ಅಚ್ಚಿಗೆ ಕೊಡಲಿಲ್ಲ. ಕೊಡುವ ಬಿಡುವಾದರೂ ಎಲ್ಲಿತ್ತು? ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1834ರಲ್ಲಿ, ಲಿಂಕನ್ನಿಗೆ ಹಿಂದಿರುಗಿ ತನ್ನದೇ ಶಾಲೆ ತೆರೆದ. ಹಗಲು ಮಕ್ಕಳಿಗೆ ಪಾಠ, ರಾತ್ರಿ ತನಗೆ ಪಾಠ. ಹದಿನೈದು ವರ್ಷ ಹೀಗೆಯೆ ನಡೆಯಿತು. ಶಾಲೆ ನಡೆಸಿ ಬಲ್ಲವರಿಗೆ ನಾನು ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1841ರ ಸುಮಾರಿಗೆ ಅವನ ಲೇಖನಗಳು ಕೇಂಬ್ರಿಜ್ಜಿನ ಗಣಿತ ಪತ್ರಿಕೆಯಲ್ಲಿ ಬರತೊಡಗಿದುವು. ಸಂಪಾದಕ ಡಂಕನ್ ಗ್ರೆಗರಿ ಅವನ ಭಾಷೆಯನ್ನು ತಿದ್ದಿ, ಶಾಸ್ತ್ರೀಯ ಬರವಣಿಗೆಯ ಮರ್ಯಾದೆಗಳನ್ನು ಕಲಿಸಿದ. ಕೇಂಬ್ರಿಜ್ಜಿಗೆ ಸೇರುವ ಆಸೆ ಬೂಲನಿಗೂ ಇತ್ತು. ಮನೆಯವರನ್ನು ಸಾಕುವವರು ಬೇರೆ ಇರಲಿಲ್ಲವಾಗಿ ಅದು ಆಸೆಯಾಗಿಯೆ ಉಳಿಯಿತು. 1844ರಲ್ಲಿ ರಾಯಲ್ ಸೊಸೈಟಿ ಅವನ ಪ್ರಬಂಧವೊಂದಕ್ಕೆ ಚಿನ್ನದ ಪದಕವನ್ನು ಕೊಟ್ಟಿತು. ಪದವಿಯಿಲ್ಲದ ಹಳ್ಳಿಗಾಡಿನ ಮೇಷ್ಟರಿಗೆ ಸಿಕ್ಕ ಗೌರವವಿದು.

ಹೊಲದಲ್ಲಿ ಹೊಳೆದುದು ಕೊನೆಗೆ ಹೊರಬಂದುದು 1847ರಲ್ಲಿ, ಇಬ್ಬರು ಪಂಡಿತರ ಜಗಳದ ನಿಮಿತ್ತದಿಂದ. ಸ್ಕಾಟ್ಲೆಂಡಿನ ತತ್ತ್ವಜ್ಞ ಸರ್ ವಿಲಿಯಂ ಹ್ಯಾಮಿಲ್ಟನ್, ಅಗಸ್ಟಸ್ ಡಿ ಮಾರ್ಗನ್ ತನ್ನ ತರ್ಕಸೂತ್ರಗಳನ್ನು ಕದ್ದನೆಂದು ಆರೋಪಿಸಿದ್ದ. ಡಿ ಮಾರ್ಗನ್ ಬೂಲನ ಸ್ನೇಹಿತ. ನಮ್ಮವರು ನೆನಪಿಡಬೇಕಾದ ಮಾತೆಂದರೆ, ಈ ಡಿ ಮಾರ್ಗನ್ 1806ರಲ್ಲಿ ಹುಟ್ಟಿದುದು ಮಧುರೆಯಲ್ಲಿ. ಜಗಳದ ಸದ್ದು ಕೇಳಿ ಬೂಲ್ ತನ್ನ ಹಳೆಯ ಯೋಚನೆಯನ್ನು ಕೈಗೆತ್ತಿಕೊಂಡು ತೆಳ್ಳನೆಯ ಒಂದು ಪುಸ್ತಕವನ್ನು ಬರೆದು ಮುಗಿಸಿದ. ಅದನ್ನೇ ಬೆಳೆಸಿ 1854ರಲ್ಲಿ ಆಲೋಚನೆಯ ನಿಯಮಗಳನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ.

ಆ ಗ್ರಂಥದ ತಿರುಳನ್ನು ನಮ್ಮ ಹಸುಗಳಿಂದಲೆ ಹೇಳುತ್ತೇನೆ. ಲೋಕದ ಕಪ್ಪು ವಸ್ತುಗಳನ್ನೆಲ್ಲ ಆಯುವುದನ್ನು ‘ಕ’ ಎನ್ನೋಣ, ಹಸುಗಳನ್ನೆಲ್ಲ ಆಯುವುದನ್ನು ‘ಖ’ ಎನ್ನೋಣ. ಎರಡನ್ನೂ ಒಂದರ ಮೇಲೊಂದು ಮಾಡಿದರೆ ಸಿಕ್ಕುವುದು ಕರಿಯ ಹಸುಗಳು. ಅದನ್ನು ಗುಣಾಕಾರದಂತೆ ‘ಕಖ’ ಎಂದು ಬರೆಯಬಹುದು. ಕಪ್ಪು ವಸ್ತುಗಳನ್ನು ಆಯ್ದು, ಅವುಗಳಿಂದ ಮತ್ತೊಮ್ಮೆ ಕಪ್ಪಾದುವನ್ನು ಆಯ್ದರೆ ಹೊಸದೇನೂ ಸಿಕ್ಕದು. ಎಂದರೆ ‘ಕ’ವನ್ನು ‘ಕ’ದಿಂದಲೆ ಗುಣಿಸಿದರೆ ‘ಕ’ವೇ ಉಳಿಯುತ್ತದೆ. ಸಾಮಾನ್ಯ ಗಣಿತದಲ್ಲಿ ತನ್ನ ವರ್ಗಕ್ಕೆ ತಾನೇ ಸಮನಾದ ಸಂಖ್ಯೆಗಳು ಯಾವುವು? ಸೊನ್ನೆ ಮತ್ತು ಒಂದು; ಮೂರನೆಯದಿಲ್ಲ. ಆದ್ದರಿಂದ ತರ್ಕದ ಬೀಜಗಣಿತ ಈ ಎರಡೇ ಅಂಕಿಗಳ ಬೀಜಗಣಿತ ಎಂದು ಬೂಲ್ ನಿರ್ಣಯಿಸಿದ. ಒಂದು ಎಂದರೆ ಸಮಸ್ತ, ಸೊನ್ನೆ ಎಂದರೆ ಶೂನ್ಯ. ‘ಕ’ ಕಪ್ಪಾದುದಾದರೆ, ಒಂದರಿಂದ ‘ಕ’ವನ್ನು ಕಳೆದು ಉಳಿದುದು ಕಪ್ಪಲ್ಲದುದು.

ಅವನ ಸೊನ್ನೆಯ ಮೇಲೆ ಆ ರಾತ್ರಿ ನನ್ನ ಕಣ್ಣು ನಿಂತಿತು. ಬೂಲನಿಗೆ ಸೊನ್ನೆಯೆಂದರೆ ಹೇಳದೆ ಬಿಟ್ಟುದಲ್ಲ. ಯಾವುದೂ ಇಲ್ಲದ ಒಂದು ವರ್ಗ. ಅದಕ್ಕೂ ಸಂಕೇತವುಂಟು, ಅದನ್ನೂ ಬರೆಯಬೇಕು. ಸೋಮವಾರ ಬೆಳಿಗ್ಗೆ ನಾನು ಈ ಮಾತನ್ನು ಮಕ್ಕಳ ಮುಂದೆ ಆಡಿದಾಗ ಅವರಲ್ಲೊಬ್ಬ ಹುಡುಗಿ ತಟ್ಟನೆ ಎದ್ದು ಬೋರ್ಡನ್ನು ಎಳೆದುಕೊಂಡಳು. ಮೂರನೆಯ ಐಸಿಗೆ ಸಂಖ್ಯೆ ಓದಲು ನಾಲ್ಕು ಕಾಲುಗಳಿವೆ: ಒಂದು, ಎರಡು, ನಾಲ್ಕು, ಎಂಟರ ಸ್ಥಾನಗಳಿಗೆ ಒಂದೊಂದು. ನಮ್ಮ ಲೆಕ್ಕಕ್ಕೆ ಬೇಕಾದುವು ಮೊದಲಿನ ಎರಡೇ ಎಂದು ಮಕ್ಕಳು ಉಳಿದೆರಡಕ್ಕೆ ತಂತಿಯನ್ನೇ ಹಾಕಿರಲಿಲ್ಲ. ತಂತಿಯಿಲ್ಲದ ಕಾಲು ಸೊನ್ನೆಯಾಗಿಯೆ ಇರುತ್ತದೆಂದು ಅವರ ಎಣಿಕೆ. ಆ ಜಾತಿಯ ಐಸಿಗಳ ಸ್ವಭಾವ ಬೇರೆ. ಏನನ್ನೂ ಹೇಳದೆ ಬಿಟ್ಟ ಕಾಲನ್ನು ಅವು ಒಂದೆಂದು ಓದುತ್ತವೆ. ಹೀಗಾಗಿ ನಮ್ಮ ಸೊನ್ನೆ ಹನ್ನೆರಡಾಗಿ, ನಮ್ಮ ಎರಡು ಹದಿನಾಲ್ಕಾಗಿ ಅದಕ್ಕೆ ಕೇಳಿಸಿತ್ತು. ಒಂಬತ್ತನ್ನು ಮೀರಿದುದಕ್ಕೆ ಅಂಕಿಯಿಲ್ಲದೆ ಅದು ಬಟ್ಟಲನ್ನೂ ‘ಟಿ’ಯನ್ನೂ ಬರೆದಿತ್ತು. ಹುಡುಗಿ ಆ ಎರಡು ಕಾಲುಗಳನ್ನು ಗ್ರೌಂಡಿನ ಸಾಲಿಗೆ ಜೋಡಿಸಿದಳು. ಸೊನ್ನೆ ಸೊನ್ನೆಯಾಯಿತು, ಒಂದಕ್ಕೆ ಒಂದು ಸೇರಿ ಎರಡಾಯಿತು.

ಬೂಲನ ಸೊನ್ನೆ ಹೀಗೆ ನಮಗೆ ಒದಗಿತು. ಅವನ ಸಂಕಲನದ ಕಥೆ ಇನ್ನೂ ಸ್ವಾರಸ್ಯವಾದುದು. ಎರಡು ವರ್ಗಗಳನ್ನು ಕೂಡಬೇಕಾದರೆ ಅವುಗಳಿಗೆ ಸಾಮಾನ್ಯವಾದ ವಸ್ತು ಒಂದೂ ಇರಕೂಡದೆಂಬುದು ಅವನ ಹಟ. ಹಸುಗಳಿಗೆ ಕುರಿಗಳನ್ನು ಕೂಡಬಹುದು. ಹಸುಗಳಿಗೆ ಕಪ್ಪು ವಸ್ತುಗಳನ್ನು ಕೂಡಿದರೆ ಕರಿಯ ಹಸು ಎರಡು ಸಲ ಲೆಕ್ಕಕ್ಕೆ ಬಂದಂತಾಗಿ ತರ್ಕದಲ್ಲಿ ಅದಕ್ಕೆ ಅರ್ಥವಿಲ್ಲ. ಅಂತೆಯೆ ಒಂದಕ್ಕೆ ಒಂದನ್ನು ಕೂಡುವುದಕ್ಕೂ ಅರ್ಥವಿಲ್ಲ! ಅರ್ಥಶಾಸ್ತ್ರಜ್ಞ ಜೆವನ್ಸ್ 1863ರಿಂದ ಅವನಿಗೆ ಪತ್ರ ಬರೆದು, ವರ್ಗವೊಂದನ್ನು ಅದಕ್ಕೇ ಕೂಡಿದರೆ ಅದೇ ವರ್ಗ ಬರುತ್ತದೆಂದು ಇಟ್ಟುಕೊಂಡರೆ ಎಲ್ಲವೂ ಸುಲಭವಾಗುತ್ತದೆಂದು ವಾದಿಸಿದ. ಬೂಲ್ ಒಪ್ಪಲಿಲ್ಲ. ಮುಂದಿನವರು ಜೆವನ್ಸನ ಮಾತನ್ನೇ ಹಿಡಿದರು. ಅನುಕೂಲದ ದೃಷ್ಟಿಯಿಂದ ಅದು ಸರಿಯೆ. ಆದರೆ ನಮ್ಮ ಕೂಡುವ ಯಂತ್ರದ ಮುಂದೆ ಕುಳಿತು ನೋಡಿದರೆ ಬೂಲನ ಹಟವೇ ನನಗೆ ಪ್ರಿಯವಾಗುತ್ತದೆ. ಇದು ಇಲ್ಲವೆ ಅದು, ಎರಡೂ ಅಲ್ಲ, ಎಂಬುದನ್ನು ಹೇಳಲು ಅವನು ‘ಕ’ವನ್ನು ‘ಖ’ ಅಲ್ಲದುದರಿಂದ ಗುಣಿಸಿ, ‘ಖ’ವನ್ನು ‘ಕ’ ಅಲ್ಲದುದರಿಂದ ಗುಣಿಸಿ, ಎರಡನ್ನೂ ಕೂಡಿದ: ಕ(1−ಖ) + ಖ(1−ಕ). ಇದೇ ನಮ್ಮ ಮೊದಲನೆಯ ಐಸಿ. ಅವನ ‘ಕಖ’ವೇ ಎರಡನೆಯ ಐಸಿ. ಎರಡೂ ಸೂತ್ರಗಳು ಅವನ ಪುಟಗಳಲ್ಲಿವೆ. ಮೊದಲನೆಯದಕ್ಕೆ ಎರಡನೆಯದರ ಇಮ್ಮಡಿಯನ್ನು ಸೇರಿಸಿ ಬಿಡಿಸಿ ನೋಡಿದರೆ, ಶಾಲೆಯ ಬೀಜಗಣಿತದಲ್ಲಿಯೆ, ಕ + ಖ ಬರುತ್ತದೆ. ಆ ಇಮ್ಮಡಿಯೇ ಪಕ್ಕದ ಮನೆಗೆ ಒಯ್ಯುವ ಒಂದು. ಇಷ್ಟು ಹತ್ತಿರ ಬಂದವನು ಅದನ್ನು ಕೂಡುವ ಯಂತ್ರವೆಂದು ಎಂದೂ ನೋಡಲಿಲ್ಲ. ಅವನು ಹುಡುಕುತ್ತಿದ್ದುದು ಮನಸ್ಸಿನ ನಿಯಮವನ್ನು, ಅದರ ಹಿಂದಿದ್ದ ದೇವರನ್ನು.

ನೋಡುವ ಅವಕಾಶ ಒಮ್ಮೆ ಬಂದಿತ್ತು. 1862ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಬೂಲ್ ಮುದುಕನಾಗಿದ್ದ ಚಾರ್ಲ್ಸ್ ಬ್ಯಾಬೇಜನನ್ನು ಕಂಡು ಅವನ ಗಣನಯಂತ್ರದ ವಿಷಯ ಮಾತನಾಡಿದ. ಬ್ಯಾಬೇಜನ ಚಕ್ರಗಳು ಹತ್ತು ಹಲ್ಲುಗಳ ಲೆಕ್ಕದವು. ಬೂಲನ ಕೈಯಲ್ಲಿದ್ದುದು ಎರಡೇ ಅಂಕಿಗಳ ಗಣಿತ. ಯಂತ್ರವಿದ್ದವನೂ ಸೂತ್ರವಿದ್ದವನೂ ಎದುರುಬದುರು ನಿಂತಿದ್ದು, ಎರಡೂ ಒಂದನ್ನೊಂದು ಸಂಧಿಸದೆ, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು.

ಅಷ್ಟರಲ್ಲಿ ಬೂಲನ ಬಾಳು ಊರನ್ನು ಬದಲಿಸಿತ್ತು. 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಹೊಸ ಕ್ವೀನ್ಸ್ ಕಾಲೇಜು ಅವನನ್ನು ಗಣಿತದ ಮೊದಲ ಪ್ರಾಧ್ಯಾಪಕನನ್ನಾಗಿ ಕರೆಯಿತು. ಆಲೂಗೆಡ್ಡೆಯ ಬೆಳೆ ಕೊಳೆತು ಜನ ಹಸಿವಿನಿಂದ ಸತ್ತ ಮಹಾಕ್ಷಾಮದ ನೆರಳು ಇನ್ನೂ ಸರಿದಿರದ ಕಾಲವದು. ಮಗ ಪ್ರಾಧ್ಯಾಪಕನಾದುದನ್ನು ತಂದೆ ನೋಡಲಿಲ್ಲ. ಹಿಂದಿನ ವರ್ಷದ ಕೊನೆಗೆ ಅವನು ತೀರಿಕೊಂಡಿದ್ದ.

ಕಾರ್ಕಿನಲ್ಲಿ ಗ್ರೀಕ್ ಪ್ರಾಧ್ಯಾಪಕನ ಮನೆಗೆ ಅವನ ಸೋದರ ಸಂಬಂಧದ ತರುಣಿಯೊಬ್ಬಳು ಬರುತ್ತಿದ್ದಳು. ಅವಳ ಹೆಸರು ಮೇರಿ ಎವರೆಸ್ಟ್. ಹೌದು, ಶಿಖರದ ಎವರೆಸ್ಟೇ. ಬೆಂಗಳೂರಿನ ಬಳಿ 1800ರಲ್ಲಿ ಆಧಾರರೇಖೆಯನ್ನು ಅಳೆದ ಲ್ಯಾಂಬ್ಟನ್ನನ ಉತ್ತರಾಧಿಕಾರಿಯಾಗಿ ಭಾರತದ ಮಹಾ ಮೋಜಣಿಯನ್ನು ನಡೆಸಿದ ಜಾರ್ಜ್ ಎವರೆಸ್ಟ್ ಅವಳ ದೊಡ್ಡಪ್ಪ. ಬೂಲ್ ಅವಳಿಗೆ ಗಣಿತ ಹೇಳಿಕೊಟ್ಟ. ಅವಳ ತಂದೆ ತೀರಿಹೋದ ವರ್ಷ, 1855ರಲ್ಲಿ, ಮದುವೆಯಾದರು. ಅವನಿಗೆ ಮೂವತ್ತೊಂಬತ್ತು, ಅವಳಿಗೆ ಇಪ್ಪತ್ತಮೂರು. ಒಂಬತ್ತು ವರ್ಷಗಳಲ್ಲಿ ಐವರು ಹೆಣ್ಣುಮಕ್ಕಳು ಹುಟ್ಟಿದರು. ಅವನ ಬಾಳಿನಲ್ಲಿ ಹಗುರವಾದ ಕಾಲವೆಂದರೆ ಇದೊಂದೇ ಎನ್ನಬೇಕು.

1864ರ ನವೆಂಬರ್ ಕೊನೆಯಲ್ಲಿ ಒಂದು ದಿನ ಜಡಿಮಳೆ. ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ. ಬೂಲ್ ನಡೆದೇ ಹೋದ. ತೊಯ್ದ ಬಟ್ಟೆಯಲ್ಲಿಯೆ ನಿಂತು ಪಾಠ ಮಾಡಿದ. ಜ್ವರ ಹೊತ್ತು ಮನೆಗೆ ಬಂದ. ಮೇರಿಯ ತಂದೆ ಹಾನಿಮನ್ನನ ಕಟ್ಟಾ ಅನುಯಾಯಿಯಾಗಿದ್ದವನು. ರೋಗವನ್ನು ತಂದುದೇ ರೋಗಕ್ಕೆ ಮದ್ದೆಂದು ನಂಬಿ ಆಕೆ ಗಂಡನ ಹಾಸಿಗೆಗೆ ತಣ್ಣೀರು ಸುರಿಸಿದಳೆಂದು ಮಗಳೊಬ್ಬಳ ನೆನಪಾಗಿ ಬಂದ ಒಂದು ಕಥೆಯುಂಟು. ಇದನ್ನು ಹೇಳುವವರು ಆಕೆಯನ್ನು ಹಾಸ್ಯಮಾಡುವುದನ್ನು ಕೇಳಿದ್ದೇನೆ. ನನಗೆ ಅದು ಸೇರದು. ಶ್ವಾಸಕೋಶದ ಉರಿಗೆ 1864ರಲ್ಲಿ ದೊಡ್ಡ ವೈದ್ಯರ ಬಳಿಯೂ ನಿಜವಾದ ಔಷಧವಿರಲಿಲ್ಲ. ಡಿಸೆಂಬರ್ 8ರಂದು ಬೂಲ್ ಸತ್ತ. ವಯಸ್ಸು ನಲವತ್ತೊಂಬತ್ತು. ಕೊನೆಯ ಮಗಳು ಇನ್ನೂ ಏಳು ತಿಂಗಳ ಕೂಸು. ಶಿಖರಕ್ಕೆ ಎವರೆಸ್ಟನ ಹೆಸರು ನಿಂತುದು ಅದರ ಮರುವರ್ಷ.

ಮೇರಿ ಲಂಡನ್ನಿಗೆ ಹೋಗಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪುಸ್ತಕ ಭಂಡಾರಿಯಾಗಿ ದುಡಿದಳು. ಮಕ್ಕಳಿಗೆ ಗಣಿತವನ್ನು ಕೈಯಾಡಿಸಿ ಕಲಿಸುವುದು ಹೇಗೆಂದು ಪುಸ್ತಕಗಳನ್ನು ಬರೆದಳು. ರಟ್ಟಿನ ಮೇಲೆ ನೇರ ದಾರಗಳನ್ನು ಹೊಲಿದು ವಕ್ರರೇಖೆ ಮೂಡಿಸುವ ಆಟ ಅವಳದೇ. 1901ರಲ್ಲಿ ಜಗದೀಶಚಂದ್ರ ಬೋಸರಿಗೆ ದೀರ್ಘ ಪತ್ರವೊಂದನ್ನು ಬರೆದು, ತನ್ನ ದೊಡ್ಡಪ್ಪ ಭಾರತದಿಂದ ತಂದ ವಿಚಾರಗಳು ಬ್ಯಾಬೇಜ್, ಡಿ ಮಾರ್ಗನ್ ಮತ್ತು ತನ್ನ ಪತಿಯ ಮೇಲೆ ಪ್ರಭಾವ ಬೀರಿದುವೆಂದು ಪ್ರತಿಪಾದಿಸಿದಳು. ಕೇಳಲು ನಮಗೆ ಹಿತವಾದ ಮಾತು. ಆದರೆ ಹಿತವಾಯಿತೆಂದು ಅದನ್ನು ಸಿದ್ಧಾಂತವೆಂದು ಸ್ವೀಕರಿಸಲಾರೆ. ಹದಿನೇಳರ ಹುಡುಗ ಡಾಂಕಾಸ್ಟರಿನ ಹೊಲದಲ್ಲಿ ನಡೆಯುತ್ತಿದ್ದಾಗ ಎವರೆಸ್ಟ್ ಮನೆತನದ ಹೆಸರನ್ನೂ ಬಲ್ಲವನಾಗಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅಲಿಸಿಯಾ ನಾಲ್ಕು ಆಯಾಮಗಳ ಘನಾಕೃತಿಗಳನ್ನು ಮನಸ್ಸಿನಲ್ಲಿಯೆ ಕಂಡು ಬಿಡಿಸಿದಳು, ಲೂಸಿ ರಸಾಯನಶಾಸ್ತ್ರಜ್ಞೆಯಾದಳು, ಕೊನೆಯವಳಾದ ಎಥೆಲ್ ಲಿಲಿಯನ್, ಮುಂದೆ ವಾಯ್ನಿಚ್ ಎನಿಸಿಕೊಂಡವಳು, 1897ರಲ್ಲಿ ‘ದಿ ಗ್ಯಾಡ್‌ಫ್ಲೈ’ ಎಂಬ ಪ್ರಸಿದ್ಧ ಕಾದಂಬರಿಯನ್ನು ಬರೆದಳು.

ಬೂಲನ ಸೂತ್ರಗಳು ಮಾತ್ರ ಬಹುಕಾಲ ತರ್ಕಪಂಡಿತರ ಕಪಾಟಿನಲ್ಲಿಯೆ ಇದ್ದುವು. ಜೆವನ್ಸ್ 1869ರಲ್ಲಿ ಪಿಯಾನೋವಿನಂಥ ಮನೆಗಳುಳ್ಳ ತರ್ಕಯಂತ್ರವನ್ನು ಮಾಡಿಸಿದ. ಅಮೆರಿಕದ ಪಿಯರ್ಸ್ 1886ರ ಪತ್ರವೊಂದರಲ್ಲಿ ಈ ಕೆಲಸವನ್ನು ವಿದ್ಯುತ್ತಿನ ಸ್ವಿಚ್ಚುಗಳಿಂದ ಮಾಡಿಸಬಹುದೆಂದು ಸೂಚಿಸಿದ. ಕಾಲೇಜಿನ ತತ್ತ್ವಶಾಸ್ತ್ರದ ತರಗತಿಯಲ್ಲಿ ಬೂಲನನ್ನು ಓದಿದ್ದ ಕ್ಲಾಡ್ ಶ್ಯಾನನ್ ಎಂಬ ಇಪ್ಪತ್ತೊಂದರ ತರುಣ 1937ರಲ್ಲಿ ತನ್ನ ಪ್ರಬಂಧದಲ್ಲಿ, ರಿಲೇಗಳ ಜಾಲವೆಲ್ಲ ಈ ಬೀಜಗಣಿತವೇ ಎಂದು ತೋರಿಸಿದ; ಎರಡರ ಲೆಕ್ಕದಲ್ಲಿ ಕೂಡುವ ವಿದ್ಯುನ್ಮಂಡಲವೊಂದು ಅದರಲ್ಲಿ ಉದಾಹರಣೆಯಾಗಿ ಬರುತ್ತದೆ. ಅದೇ ವರ್ಷ ನವೆಂಬರಿನಲ್ಲಿ, ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಸ್ ತನ್ನ ಮನೆಯ ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಟೆಲಿಫೋನ್ ರಿಲೇಗಳನ್ನೂ, ಬ್ಯಾಟರಿ ಸೆಲ್ಲುಗಳನ್ನೂ, ಹೊಗೆಸೊಪ್ಪಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿಗಳನ್ನೂ ಒಂದು ಹಲಗೆಗೆ ಜೋಡಿಸಿ ಒಂದಕ್ಕೆ ಒಂದನ್ನು ಕೂಡಿಸಿದ. ಉತ್ತರ ತೋರಿಸಲು ಏಳು ಗೆರೆಗಳ ಫಲಕವಿರಲಿಲ್ಲ, ಟಾರ್ಚಿನ ಬಲ್ಬುಗಳಿದ್ದುವು.

ಬೂಲನಿಗೆ ಇದೆಲ್ಲ ಗೊತ್ತಾಗಿದ್ದರೆ ಅವನು ಸಂತೋಷಪಡುತ್ತಿದ್ದನೆ ಎಂದು ಆ ಹುಡುಗಿ ನನ್ನನ್ನು ಕೇಳಿದಳು. ಅವನ ತಂದೆಗೆ ಖಂಡಿತ ಸಂತೋಷವಾಗುತ್ತಿತ್ತು ಎಂದಷ್ಟೇ ಹೇಳಿದೆ. ಅವರ ಬೋರ್ಡು ಈಗ ಪ್ರಯೋಗಾಲಯದ ಕಪಾಟಿನಲ್ಲಿದೆ. ಪಕ್ಕದಲ್ಲಿ ಕೆಳಗಿನ ತರಗತಿಯವರು, ಪಕ್ಕದ ಮನೆಯಿಂದ ಬಂದ ಒಂದನ್ನೂ ಸೇರಿಸಿಕೊಂಡು ಮೂರರವರೆಗೆ ಕೂಡಬಲ್ಲ ಇನ್ನೊಂದನ್ನು ಕಟ್ಟುತ್ತಿದ್ದಾರೆ. ಬಳಸದ ಕಾಲುಗಳಿಗೆ ಅವರು ಮೊದಲೇ ತಂತಿ ಹಾಕಿದ್ದಾರೆ.